ಎರಡು ಕೇಬಲ್ ಎಳೆದರೂ ಓಡುವುದು ಒಂದೇ!

ಪ್ರಶ್ನೆ: ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್. ಆಫೀಸಿನ ನೆಟ್‌ವರ್ಕ್ ಸ್ವಿಚ್‌ನಿಂದ (ಕಂಪ್ಯೂಟರುಗಳನ್ನು ಒಟ್ಟು ಜೋಡಿಸುವ ಡಬ್ಬಿ) ಗೋಡೌನ್ ಸ್ವಿಚ್‌ಗೆ ಒಂದು ಗಿಗಾಬಿಟ್ ಕೇಬಲ್ ಇತ್ತು. ಸಾಲದು ಅಂತ ಇನ್ನೊಂದು ಎಳೆಸಿದೆ. ಎರಡೂ ಕಡೆ ಎಲ್‌ಎಸಿಪಿ (ಹಲವು ಕೇಬಲ್ ಸೇರಿಸಿ ಒಂದೇ ಗುಂಪಾಗಿ ಓಡಿಸುವ ವ್ಯವಸ್ಥೆ) ಹಾಕಿ ‘ಪ್ಯಾಸಿವ್’ ಇಟ್ಟಿದ್ದೇನೆ. ಆದರೂ ಎರಡನೇ ಪೋರ್ಟ್ ‘ಬ್ಲಾಕ್’ ಅಂತಲೇ ತೋರಿಸುತ್ತದೆ. ಕೇಬಲ್ ಹೋಗಿದೆಯಾ ಸರ್?

ಉತ್ತರ: ಕೇಬಲ್ ಸರಿಯಾಗೇ ಇದೆ, ತೊಂದರೆ ಇರುವುದು ಆ ‘ಪ್ಯಾಸಿವ್’ನಲ್ಲಿ. ಪ್ಯಾಸಿವ್ ಪೋರ್ಟ್ ತಾನಾಗಿ ಮಾತು ಎತ್ತುವುದಿಲ್ಲ, ಎದುರಿನವರು ಕೇಳಿದರೆ ಉತ್ತರ ಕೊಡುತ್ತದೆ ಅಷ್ಟೇ. ಗಂಡಿನವರೇ ಬರಲಿ ಅಂತ ಹೆಣ್ಣಿನವರು, ಹೆಣ್ಣಿನವರೇ ಹೇಳಿ ಕಳಿಸಲಿ ಅಂತ ಗಂಡಿನವರು ಕೂತರೆ ಮದುವೆ ಆಗುತ್ತಾ? ಒಂದು ಕಡೆಯಾದರೂ ‘ಆಕ್ಟಿವ್’ ಮಾಡಿ. ಎರಡೂ ಕಡೆ ಮಾಡಿದರೆ ಇನ್ನೂ ಒಳ್ಳೆಯದು.

ಆಗ ಸ್ವಿಚ್‌ಗಳು ಪ್ರತಿ ಕೇಬಲ್‌ನಲ್ಲೂ ಚಿಕ್ಕ ಚಿಕ್ಕ ಸಂದೇಶ ಕಳಿಸಿಕೊಳ್ಳುತ್ತವೆ. ನಾನು ಯಾರು, ನನ್ನ ಮ್ಯಾಕ್ ಅಡ್ರೆಸ್ (ಯಂತ್ರದ ಗುರುತಿನ ಸಂಖ್ಯೆ) ಏನು, ಈ ಪೋರ್ಟ್ ಯಾವ ಗುಂಪಿನದು, ಎದುರಿನವರ ಬಗ್ಗೆ ನನಗೆ ಏನು ಗೊತ್ತಾಗಿದೆ, ಎಲ್ಲ ಅದರಲ್ಲೇ ಇರುತ್ತದೆ. ಎರಡೂ ಕೇಬಲ್‌ನ ಆಚೆ ತುದಿಯಲ್ಲಿ ಇರುವುದು ಒಂದೇ ಸ್ವಿಚ್, ಒಂದೇ ಗುಂಪು ಅಂತ ಖಾತ್ರಿಯಾದರೆ ಮಾತ್ರ ಒಟ್ಟು ಸೇರಿಸುತ್ತವೆ. ಸ್ಪೀಡ್ ಬೇರೆ ಬೇರೆ ಇದ್ದರೆ ಸೇರಿಸುವುದಿಲ್ಲ. ಸೇರಿದ ಮೇಲೂ ಮಾತು ನಿಲ್ಲುವುದಿಲ್ಲ. ‘ಫಾಸ್ಟ್’ ಇಟ್ಟರೆ 1 ಸೆಕೆಂಡಿಗೊಮ್ಮೆ, ‘ಸ್ಲೋ’ ಆದರೆ 30 ಸೆಕೆಂಡಿಗೊಮ್ಮೆ, ಮೂರು ಸಲ ಬರಬೇಕಾದದ್ದು ಬರಲಿಲ್ಲ ಅಂದರೆ ಆ ಕೇಬಲ್ ಗುಂಪಿನಿಂದ ಹೊರಗೆ. ಈ ಎಲ್‌ಎಸಿಪಿ 2000ನೇ ಇಸವಿಯಲ್ಲಿ 802.3ಎಡಿ ಅಂತ ಬಂದ ಸ್ಟ್ಯಾಂಡರ್ಡ್, ಹಾಗಾಗಿ ಎರಡು ಸ್ವಿಚ್ ಬೇರೆ ಬೇರೆ ಕಂಪನಿಯವಾದರೂ ಅಡ್ಡಿಯಿಲ್ಲ.

ಇನ್ನು ಆ ‘ಬ್ಲಾಕ್’. ಅದು ಸ್ಪ್ಯಾನಿಂಗ್ ಟ್ರೀ ಕೆಲಸ, ಅಂದರೆ ನೆಟ್‌ವರ್ಕ್‌ನಲ್ಲಿ ಸುತ್ತು ಬೀಳದಂತೆ ಹೆಚ್ಚುವರಿ ದಾರಿ ಮುಚ್ಚುವ ಕಾವಲುಗಾರ, ಬೈಯಬೇಡಿ ಅದನ್ನು. ಎರಡು ಬಿಡಿ ಕೇಬಲ್ ಒಟ್ಟಿಗೆ ತೆರೆದುಬಿಟ್ಟರೆ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಸಂದೇಶ) ಸುತ್ತಿ ಸುತ್ತಿ ನೆಟ್‌ವರ್ಕೇ ಮಲಗುತ್ತದೆ. ಈ ರಗಳೆಯೇ ಬೇಡ ಅಂತ ಕೆಲವರು ಮಾತುಕತೆ ಇಲ್ಲದ ‘ಆನ್’ ಮೋಡ್ ಹಾಕುತ್ತಾರೆ. ನನಗಂತೂ ಅದು ಹಿಡಿಸುವುದಿಲ್ಲ, ಒಂದು ತುದಿಯಲ್ಲಿ ತಪ್ಪಾದರೂ ಹೇಳುವವರು ಇರುವುದಿಲ್ಲ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬೇಡಿ. ಒಂದು ಕಂಪ್ಯೂಟರಿನಿಂದ ಒಂದು ದೊಡ್ಡ ಫೈಲ್ ಕಾಪಿ ಮಾಡಿದರೆ ಅದು ಹೋಗುವುದು ಒಂದೇ ಕೇಬಲ್‌ನಲ್ಲಿ, ಸ್ಪೀಡ್ ಡಬಲ್ ಆಗುವುದಿಲ್ಲ. ಫೈಲಿನ ತುಣುಕುಗಳು (ಪ್ಯಾಕೆಟ್) ಹಿಂದೆಮುಂದೆ ಆಗಬಾರದು ಅಂತ, ಯಾರಿಂದ ಯಾರಿಗೆ ಎಂಬ ಅಡ್ರೆಸ್ ನೋಡಿ ಸ್ವಿಚ್ ಕೇಬಲ್ ಹಂಚುತ್ತದೆ. ಹತ್ತು ಜನ ಒಟ್ಟಿಗೆ ಕೆಲಸ ಮಾಡುವಾಗ ಲಾಭ ಗೊತ್ತಾಗುತ್ತದೆ. ಸೆಟ್ಟಿಂಗ್ ಬದಲಿಸುವ ಮುಂಚೆ ಎರಡನೇ ಕೇಬಲ್ ಕಿತ್ತಿಡಿ, ಎರಡೂ ಕಡೆ ಮುಗಿದ ಮೇಲೆ ಹಾಕಿ.