ಇಂಗ್ಲಿಷ್ ಅಷ್ಟಾಗಿ ಬಾರದವರು ಸ್ಕ್ರ್ಯಾಬಲ್ ಸ್ಪರ್ಧೆಗೆ ಇಳಿಯಬಹುದೇ?

ನಮಸ್ಕಾರ ಮೇಡಂ. ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನು ಮನೆಯಲ್ಲಿ ಮಗಳೊಡನೆ ಆಡುವ ನೀವು, 42ನೆಯ ವಯಸ್ಸಿನಲ್ಲಿ, ಅದೂ ಕನ್ನಡ ಮಾಧ್ಯಮದಲ್ಲಿ ಓದಿದವರು, ಅದರ ಸ್ಪರ್ಧೆಗೆ ಹೆಸರು ಕೊಡುವುದು ಸರಿಯೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಕೊಡಿ. ನಾನೂ ಕನ್ನಡ ಮಾಧ್ಯಮದವನೇ. 46 ತುಂಬಿದ ಮೇಲೆ ಈ ಆಟಕ್ಕೆ ಬಂದವನಾದ್ದರಿಂದ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಈ ಆಟವನ್ನು ಆರಂಭಿಸಿದ್ದೇ 28ನೆಯ ವಯಸ್ಸಿನಲ್ಲಿ. 2007, 2011 ಮತ್ತು 2013ರಲ್ಲಿ ಇಂಗ್ಲಿಷ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದ ಅವರು, ಫ್ರೆಂಚ್ ಮಾತನಾಡಲು ಬಾರದಿದ್ದರೂ ಸುಮಾರು ಒಂಬತ್ತು ವಾರ ಫ್ರೆಂಚ್ ಪದಗಳನ್ನು ಅಭ್ಯಾಸ ಮಾಡಿ, 2015ರಲ್ಲಿ ಬೆಲ್ಜಿಯಂನಲ್ಲಿ ನಡೆದ ಫ್ರೆಂಚ್ ವಿಶ್ವ ಪ್ರಶಸ್ತಿಯನ್ನು ಗೆದ್ದರು. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ಪ್ರಶಸ್ತಿಯನ್ನೂ ತಮ್ಮದಾಗಿಸಿಕೊಂಡರು. ಅಂಥ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಇಂಗ್ಲಿಷ್ ಮನೆಮಾತಲ್ಲದ ಥಾಯ್ಲೆಂಡಿನಿಂದಲೂ 2003 ಮತ್ತು 2009ರಲ್ಲಿ ಇಬ್ಬರು ವಿಶ್ವ ಚಾಂಪಿಯನ್ನರು ಬಂದರು. ಪದದ ಅರ್ಥ ಗೊತ್ತಿರಲೇಬೇಕೆಂಬ ನಿಯಮ ಈ ಆಟದಲ್ಲಿಲ್ಲ. ಆ ಅಕ್ಷರಗಳು ಆ ಕ್ರಮದಲ್ಲಿ ಸ್ಪರ್ಧೆ ಒಪ್ಪುವ ಪದಗಳ ಪಟ್ಟಿಯಲ್ಲಿವೆಯೇ ಎಂಬುದಷ್ಟೇ ಲೆಕ್ಕ.

ಹಾಗಾಗಿ ನಿಘಂಟನ್ನು ಮೊದಲ ಪುಟದಿಂದ ಓದಲು ಹೋಗಬೇಡಿ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಬಳಸುವ ಕಾಲಿನ್ಸ್ ಪಟ್ಟಿಯಲ್ಲಿ ಎರಡಕ್ಷರದ ಪದಗಳು 120ಕ್ಕಿಂತ ಸ್ವಲ್ಪ ಹೆಚ್ಚಿವೆ. ಅವನ್ನು ಮೊದಲು ಕಂಠಪಾಠ ಮಾಡಿ. ನಿಮ್ಮ ಪದವನ್ನು ಬೋರ್ಡಿನ ಮೇಲಿರುವ ಪದಕ್ಕೆ ಅಡ್ಡಲಾಗಿ ಮಾತ್ರವಲ್ಲದೆ ಒತ್ತಾಗಿ, ಪಕ್ಕದಲ್ಲೇ ಕೂರಿಸಲು ಈ ಚಿಕ್ಕ ಪದಗಳೇ ಬೇಕು. ಹಾಗೆ ಕೂರಿಸಿದಾಗ ಒಂದೇ ಸರದಿಯಲ್ಲಿ ಮೂರು ನಾಲ್ಕು ಪದಗಳ ಅಂಕ ಸೇರುತ್ತದೆ. ‘ಯು’ ಇಲ್ಲದೆ ‘ಕ್ಯೂ’ ಬಿಲ್ಲೆಯನ್ನು ಇಳಿಸಲು ‘ಕ್ಯೂ, ಐ’ ಎಂಬ ಎರಡಕ್ಷರದ ಪದವೊಂದೇ ಎಷ್ಟೋ ಆಟಗಳಲ್ಲಿ ನನ್ನನ್ನು ಕಾಪಾಡಿದೆ.

ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸರದಿಯಲ್ಲಿ ಇಟ್ಟರೆ 50 ಅಂಕ ಹೆಚ್ಚುವರಿಯಾಗಿ ಸಿಗುವುದರಿಂದ, ಮುಂದಿನ ಹಂತ ಏಳಕ್ಷರದ ಪದಗಳು. ಮದುವೆಯ ಕರೆಯೋಲೆಗಳನ್ನು ಕತ್ತರಿಸಿ ನಾನು ಚೀಟಿ ಮಾಡಿಕೊಂಡಿದ್ದೇನೆ. ಒಂದು ಬದಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆಯುತ್ತೇನೆ: ಎ, ಇ, ಐ, ಎನ್, ಆರ್, ಎಸ್, ಟಿ. ಹಿಂಬದಿಯಲ್ಲಿ ಅವುಗಳಿಂದಾಗುವ ‘ರಿಟೇನ್ಸ್’, ‘ನ್ಯಾಸ್ಟಿಯರ್’, ‘ಸ್ಟೇನರ್’ ಮುಂತಾದ ಪದಗಳು. ಬಿಲ್ಲೆಗಳು ಕೈಗೆ ಬಂದಾಗ ಅವನ್ನೂ ಅದೇ ಕ್ರಮದಲ್ಲಿ ಜೋಡಿಸಿ ನೋಡಿದರೆ ಚೀಟಿಯ ನೆನಪು ತಾನಾಗಿ ಬರುತ್ತದೆ. ದಿನಕ್ಕೆ 10 ಹೊಸ ಚೀಟಿ ಸಾಕು. ತಪ್ಪಿದ್ದನ್ನು ಮರುದಿನವೇ, ಸರಿಯಾದದ್ದನ್ನು ವಾರದ ಮೇಲೆ ಮತ್ತೆ ನೋಡಿ.

ಆದರೆ ಉದ್ದನೆಯ ಪದವೇ ದೊಡ್ಡದೆಂದು ತಿಳಿಯಬೇಡಿ. 2015ರಲ್ಲಿ ಪರ್ತ್‌ನಲ್ಲಿ ಆಫ್ರಿಕಾದ ಮೊದಲ ವಿಶ್ವ ಚಾಂಪಿಯನ್ ಆದ ನೈಜೀರಿಯಾದ ವೆಲಿಂಗ್ಟನ್ ಜಿಘೆರೆ ಅವರ ತಂಡವು ಐದಕ್ಷರದ ಪದಗಳ ಮೇಲೆ ವಿಶೇಷವಾಗಿ ಶ್ರಮಿಸಿತ್ತು. ಮುಂದಿನ ಸರದಿಗೆ ಒಳ್ಳೆಯ ಅಕ್ಷರಗಳನ್ನು ಉಳಿಸಿಕೊಳ್ಳುವುದೂ ಆಟವೇ. ನೂರು ಬಿಲ್ಲೆಗಳಲ್ಲಿ ‘ಎಸ್’ ಇರುವುದು ನಾಲ್ಕೇ. ಎರಡು ಮೂರು ಅಂಕದ ಆಸೆಗೆ ಅದನ್ನು ಖರ್ಚು ಮಾಡಿ ನಾನು ಮೊದಲ ವರ್ಷ ಹಲವು ಆಟ ಸೋತೆ.

ಮಗಳೊಡನೆ ಆಡುವಾಗ ಗಡಿಯಾರ ಇಟ್ಟುಕೊಳ್ಳಿ. ಸ್ಪರ್ಧೆಯಲ್ಲಿ ಒಬ್ಬರಿಗೆ ಇಡೀ ಆಟಕ್ಕೆ ಸಾಮಾನ್ಯವಾಗಿ 25 ನಿಮಿಷ. ಎರಡಕ್ಷರದ ಪಟ್ಟಿ ಬಾಯಿಗೆ ಬಂದ ಮೇಲೆ ಇಲ್ಲಿಯೇ ತಿಳಿಸಿ, ನನ್ನ ಚೀಟಿಗಳ ಫೋಟೊ ಹಾಕುತ್ತೇನೆ.