ಮಾರುತಿ 800 ಎಂಜಿನ್ನನ್ನು ಕಾರಿಗೆ ಕೂರಿಸುವ ಮೊದಲು ಹೊರಗೇ ಸ್ಟಾರ್ಟ್ ಮಾಡಿ ನೋಡುವುದು ಹೇಗೆ?

ಬೋರ್ ಮಾಡಿಸಿ ಹೊಸ ರಿಂಗ್, ಬೇರಿಂಗ್ ಹಾಕಿಸಿದ ಕಾರ್ಬುರೇಟರ್ ಎಂಜಿನ್ (796 ಸಿಸಿ, ಮಾದರಿ ಎಫ್‌8ಬಿ) ನಿಮ್ಮದು. ಕಾರಿಗೆ ಏರಿಸುವ ಮುಂಚೆ ಹೊರಗೇ ಓಡಿಸಿ ನೋಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಓಡಿಸಿ. ಕ್ರ್ಯಾಂಕ್ ಶಾಫ್ಟ್‌ನ ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್ ಸೋರುವುದು ಈಗ ಗೊತ್ತಾದರೆ ಗೇರ್‌ಬಾಕ್ಸ್ ಬಿಚ್ಚಿದರೆ ಸಾಕು. ಕೂರಿಸಿದ ಮೇಲೆ ಗೊತ್ತಾದರೆ ಡ್ರೈವ್ ಶಾಫ್ಟ್‌ನಿಂದ ಹಿಡಿದು ಎಲ್ಲವನ್ನೂ ಮತ್ತೆ ಇಳಿಸಬೇಕು.

ಈ ಎಂಜಿನ್ನಿನಲ್ಲಿ ಸ್ಟಾರ್ಟರ್ ಕೂರುವುದು ಗೇರ್‌ಬಾಕ್ಸ್ ಕವಚದ ಮೇಲೆ. ಆದ್ದರಿಂದ ಗೇರ್‌ಬಾಕ್ಸ್ ಸಮೇತವೇ ಓಡಿಸಿ. ನ್ಯೂಟ್ರಲ್‌ನಲ್ಲೂ ಒಳಗಿನ ಶಾಫ್ಟ್ ತಿರುಗುತ್ತದೆ, ಹಾಗಾಗಿ ಗೇರ್ ಆಯಿಲ್ ಇರಲೇಬೇಕು. ಡ್ರೈವ್ ಶಾಫ್ಟ್ ತೂತುಗಳನ್ನು ಮುಚ್ಚದಿದ್ದರೆ ಆ ಆಯಿಲ್ ಪೂರ್ತಿ ನೆಲಕ್ಕೆ.

ಬಿಚ್ಚಿ ಜೋಡಿಸಲು ಬಳಸುವ ತಿರುಗುವ ಸ್ಟ್ಯಾಂಡ್ ಮೇಲೆ ಓಡಿಸಬೇಡಿ, ಟೈರ್ ಮೇಲೆ ಇಟ್ಟೂ ಓಡಿಸಬೇಡಿ. ಮೂರು ಸಿಲಿಂಡರ್ ಎಂಜಿನ್ ಹಿಂದೆ ಮುಂದೆ ತೂಗುವುದು ಅದರ ಗುಣ. ಬಿಗಿಯಾಗಿ ಬೋಲ್ಟ್ ಮಾಡಿದರೆ ಇಡೀ ಫ್ರೇಮ್ ನೆಲದ ಮೇಲೆ ನಡೆಯಲು ಶುರು ಮಾಡುತ್ತದೆ. 50 ಎಂ.ಎಂ. ಆಂಗಲ್ ಕಬ್ಬಿಣದಲ್ಲಿ ಅಗಲವಾದ ಫ್ರೇಮ್ ಬೆಸುಗೆ ಹಾಕಿಸಿ, ಎಂಜಿನ್ನಿನದೇ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂರಿಸಿ.

ವೈರಿಂಗ್‌ನಲ್ಲಿ ಹೆಚ್ಚಿನವರು ಎಡವುವುದು ಅರ್ಥ್‌ನಲ್ಲಿ. ಕಾರಿನ ಬಾಡಿ ಇಲ್ಲಿಲ್ಲ, ಬ್ಯಾಟರಿಯ ನೆಗೆಟಿವ್ ಕೇಬಲ್ ನೇರವಾಗಿ ಬ್ಲಾಕ್‌ಗೋ ಗೇರ್‌ಬಾಕ್ಸ್ ಬೋಲ್ಟ್‌ಗೋ ಬರಬೇಕು, ಪೇಂಟ್ ಉಜ್ಜಿದ ಜಾಗದಲ್ಲಿ. ಸ್ಟಾರ್ಟರ್ ಬರೀ 'ಟಕ್' ಎಂದರೆ ಮೊದಲು ಇದನ್ನೇ ನೋಡಿ. ಇಗ್ನಿಷನ್ ಕಾಯಿಲ್‌ಗೆ (ಪ್ಲಗ್‌ಗಳಿಗೆ ಕಿಡಿ ಕೊಡುವುದು ಇದೇ) ಒಂದು ಸ್ವಿಚ್ ಮೂಲಕ 12 ವೋಲ್ಟ್ ಕೊಡಿ, ಆ ಸ್ವಿಚ್ ಕೈಗೆಟುಕುವಂತಿರಲಿ, ಎಂಜಿನ್ ನಿಲ್ಲಿಸುವುದು ಅದರಿಂದಲೇ. ಕಾರ್ಬುರೇಟರ್ ಮೇಲಿನ ಸಣ್ಣ ಸೊಲೆನಾಯ್ಡ್‌ಗೂ (ಐಡ್ಲಿಂಗ್ ಪೆಟ್ರೋಲ್ ಬಿಡುವ ವಿದ್ಯುತ್ ವಾಲ್ವ್) ಅದೇ ಸ್ವಿಚ್‌ನಿಂದ ಕರೆಂಟ್ ಬೇಕು. ಮರೆತರೆ ಆಕ್ಸಿಲರೇಟರ್ ಎಳೆದಾಗ ಓಡುತ್ತದೆ, ಬಿಟ್ಟ ತಕ್ಷಣ ಆಫ್ ಆಗುತ್ತದೆ, ನೀವು ಸುಮ್ಮನೆ ಜೆಟ್ ಬಿಚ್ಚುತ್ತಾ ಕೂರುತ್ತೀರಿ. ಥ್ರಾಟಲ್ ರಿಟರ್ನ್ ಸ್ಪ್ರಿಂಗ್ ಜಾಗದಲ್ಲಿದೆಯೇ ಖಚಿತಪಡಿಸಿಕೊಳ್ಳಿ.

ರೇಡಿಯೇಟರ್ ಜೋಡಿಸಲೇಬೇಕು, ಫ್ಯಾನಿಗೆ ಬ್ಯಾಟರಿಯಿಂದ ನೇರ ವೈರ್ ಎಳೆದರೆ ಸಾಕು. ವಾಟರ್ ಪಂಪ್ ಮತ್ತು ಆಲ್ಟರ್ನೇಟರ್ ಒಂದೇ ಬೆಲ್ಟ್‌ನಲ್ಲಿವೆ, ಅದನ್ನು ತೆಗೆಯುವಂತಿಲ್ಲ. ಹೀಟರ್‌ಗೆ ಹೋಗುವ ಎರಡು ಪೈಪ್‌ಗಳನ್ನು ಒಂದು ತುಂಡು ಹೋಸ್‌ನಿಂದ ಪರಸ್ಪರ ಸೇರಿಸಿ. ಬ್ರೇಕ್ ಬೂಸ್ಟರ್ ನಳಿಕೆ ಇದ್ದರೆ ಮುಚ್ಚಿ, ಇಲ್ಲವಾದರೆ ಅಲ್ಲಿಂದ ಗಾಳಿ ಎಳೆದು ಐಡ್ಲಿಂಗ್ ನಿಲ್ಲುವುದಿಲ್ಲ. ಪೆಟ್ರೋಲ್ ಕ್ಯಾನ್ ಎಕ್ಸಾಸ್ಟ್‌ನ ವಿರುದ್ಧ ಬದಿಗೆ, ಸಾಧ್ಯವಾದಷ್ಟು ದೂರ ಇರಲಿ. ಫ್ಯುಯೆಲ್ ಪಂಪ್‌ನ ರಿಟರ್ನ್ ಪೈಪ್ ಅದೇ ಕ್ಯಾನಿಗೆ ವಾಪಸ್ ಬರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಪಕ್ಕದಲ್ಲಿಲ್ಲದೆ ಸ್ಟಾರ್ಟ್ ಮಾಡಬೇಡಿ. ಶಟರ್ ಎಳೆದ ಗ್ಯಾರೇಜಿನೊಳಗಂತೂ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಆಯಿಲ್ ಪ್ರೆಶರ್. ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ. ಡಿಪ್‌ಸ್ಟಿಕ್ ನೋಡಿಕೊಂಡು ಸುಮಾರು 3 ಲೀಟರ್ 20ಡಬ್ಲ್ಯೂ-40 ತುಂಬಿ. ಆಯಿಲ್ ಪಂಪ್ ಕ್ರ್ಯಾಂಕ್ ಶಾಫ್ಟ್‌ನಿಂದಲೇ ತಿರುಗುವುದರಿಂದ ಡ್ರಿಲ್ ಹಾಕಿ ತಿರುಗಿಸಿ ಪ್ರೈಮ್ ಮಾಡಲು (ಮೊದಲೇ ಆಯಿಲ್ ಏರಿಸಲು) ಬರುವುದಿಲ್ಲ. ಮೂರೂ ಪ್ಲಗ್ ತೆಗೆದು, ಕಾಯಿಲ್ ಸ್ವಿಚ್ ಆಫ್ ಇಟ್ಟು, 10 ಸೆಕೆಂಡ್ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ, ಅರ್ಧ ನಿಮಿಷ ಸ್ಟಾರ್ಟರ್ ಆರಲು ಬಿಡಿ. ಮುಳ್ಳು ಏಳುವವರೆಗೆ ಹೀಗೇ ಮಾಡಿ. ಐದಾರು ಸಲವಾದರೂ ಏಳದಿದ್ದರೆ ಪಂಪ್ ಒಣಗಿದೆ ಅಥವಾ ಸ್ಟ್ರೈನರ್ ಕಡೆಯಿಂದ ಗಾಳಿ ಎಳೆಯುತ್ತಿದೆ. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ನೋಡಿ. 'ಸ್ಟಾರ್ಟ್ ಆದರೆ ಸರಿಹೋಗುತ್ತದೆ' ಎಂಬ ಮಾತು ನಂಬಬೇಡಿ. ಪ್ಲಗ್ ತೆಗೆದಿರುವಾಗಲೇ ಕಂಪ್ರೆಷನ್ ಕೂಡ ಅಳೆದುಬಿಡಿ. ಹೊಸ ರಿಂಗ್ ಕೂರುವ ಮುಂಚೆ ಅಂಕಿ ಕಡಿಮೆ ಇರಬಹುದು, ಆದರೆ ಒಂದು ಸಿಲಿಂಡರ್ ಉಳಿದೆರಡಕ್ಕಿಂತ ತೀರ ಕಡಿಮೆ ತೋರಿಸಿದರೆ ವಾಲ್ವ್ ಸೀಟಿಂಗ್ ನೋಡಿ.

ಪ್ಲಗ್ ಮತ್ತೆ ಹಾಕಿ ವೈರ್ ಜೋಡಿಸಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) 1-3-2, ಒಂದನೇ ಸಿಲಿಂಡರ್ ಟೈಮಿಂಗ್ ಬೆಲ್ಟ್ ಕಡೆಯದು. ಕಾರ್ಬುರೇಟರ್ ಬಾಯಿಂದ ಢಬ್ಬೆಂದರೆ ಡಿಸ್ಟ್ರಿಬ್ಯೂಟರನ್ನು ಕಂಪ್ರೆಷನ್ ಬದಲು ಎಕ್ಸಾಸ್ಟ್ ಸ್ಟ್ರೋಕ್‌ಗೆ ಕೂರಿಸಿರುತ್ತಾರೆ. ಸ್ಟಾರ್ಟ್ ಆದ ಐದು ಸೆಕೆಂಡಿನೊಳಗೆ ಪ್ರೆಶರ್ ಬರದಿದ್ದರೆ ಸ್ವಿಚ್ ಆಫ್.

ಪ್ರೆಶರ್ ಬಂದರೆ 1500ರಿಂದ 2000 ಆರ್‌ಪಿಎಂ ನಡುವೆ ಏರಿಳಿಸುತ್ತಾ ಬಿಸಿಯಾಗಲು ಬಿಡಿ. ಫ್ಯಾನ್ ಓಡುತ್ತಿರಲಿ, ಸೋರಿಕೆ ನೋಡಿ, ಟ್ಯಾಪೆಟ್ ಸದ್ದು ಕೇಳಿ. ಹದಿನೈದು ನಿಮಿಷ ಸಾಕು. ಸ್ಟ್ಯಾಂಡ್ ಮೇಲೆ ಗಂಟೆಗಟ್ಟಲೆ ಓಡಿಸಿ 'ರನ್ನಿಂಗ್ ಇನ್' ಮಾಡುವವರಿದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ. ಲೋಡ್ ಇಲ್ಲದೆ ರಿಂಗನ್ನು ಗೋಡೆಗೆ ಒತ್ತುವ ಗ್ಯಾಸ್ ಪ್ರೆಶರ್ ಸಾಲುವುದಿಲ್ಲ. ಸಿಲಿಂಡರ್ ಗೋಡೆಯ ಹೋನಿಂಗ್ ಗೆರೆಗಳ (ಕಲ್ಲಿನಿಂದ ಉಜ್ಜಿ ಮೂಡಿಸಿದ ಸಣ್ಣ ಗೀರುಗಳು) ಮೇಲೆ ಆಯಿಲ್ ಸುಟ್ಟು ಗಾಜಿನಂತೆ ಕೂರುತ್ತದೆ, ಆಮೇಲೆ ಎಂಜಿನ್ ಆಯಿಲ್ ಕುಡಿಯುತ್ತದೆ. ರಿಂಗ್ ಕೂರುವುದು ರಸ್ತೆಯಲ್ಲಿ.

ತಣ್ಣಗಾದ ಮೇಲೆ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿ. ಆಯಸ್ಕಾಂತಕ್ಕೆ ಅಂಟುವ ನುಣ್ಣನೆ ಪುಡಿ ಸ್ವಲ್ಪ ಇದ್ದೇ ಇರುತ್ತದೆ. ಅಂಟದ, ಹೊಳೆಯುವ ಚಕ್ಕೆ ಅಥವಾ ತಾಮ್ರದ ಬಣ್ಣದ ಚೂರು ಸಿಕ್ಕಿದರೆ, ಬೇರಿಂಗ್ ಕ್ಯಾಪ್ ಬಿಚ್ಚಿ ನೋಡದೆ ಕಾರಿಗೆ ಏರಿಸಬೇಡಿ.