ಓದುಗರ ಪ್ರಶ್ನೆ, ನಮ್ಮ ಉತ್ತರ: ಹಾರ್ಡ್‌ವೇರ್ ಅಂಗಡಿಯ ಆಭರಣಗಳು

ಪ್ರಶ್ನೆ: ಬೋಲ್ಟಿಗೆ ಹಾಕುವ ಹೊಳೆಯುವ ವಾಷರ್‌ಗಳನ್ನು ಪೋಣಿಸಿ ಸರ ಮಾಡಿದೆ. ನೋಡಲು ಚೆನ್ನಾಗಿದೆ, ಆದರೆ ಕುತ್ತಿಗೆಗೆ ಭಾರ, ಸಾಲದ್ದಕ್ಕೆ ತುರಿಕೆ. ಎಂಥ ವಾಷರ್ ಕೊಳ್ಳಬೇಕು? – ಓದುಗರೊಬ್ಬರು, ದಾವಣಗೆರೆ

ಉತ್ತರ: ಅಂಗಡಿಯಲ್ಲಿ ನಾವು ಆಕಾರ ಮತ್ತು ಹೊಳಪನ್ನು ನೋಡಿ ಆರಿಸುತ್ತೇವೆ, ಆದರೆ ಮೈಮೇಲೆ ಧರಿಸುವ ವಸ್ತುವಿಗೆ ಮೊದಲು ಕೇಳಬೇಕಾದದ್ದು ಲೋಹ ಯಾವುದು, ಅದರ ಮೇಲಿನ ಲೇಪ ಯಾವುದು ಎಂಬುದನ್ನು. ಕನ್ನಡಿಯಂತೆ ಮಿನುಗುವ ಲೇಪ ಹೆಚ್ಚಾಗಿ ನಿಕ್ಕಲ್‌ನದು, ಕ್ರೋಮ್ ಲೇಪದ ಅಡಿಯಲ್ಲಿಯೂ ಸಾಮಾನ್ಯವಾಗಿ ನಿಕ್ಕಲ್ ಪದರವೇ ಇರುತ್ತದೆ, ಮತ್ತು ಆಭರಣದಿಂದ ಬರುವ ತುರಿಕೆಗೆ ಅತಿ ಸಾಮಾನ್ಯ ಕಾರಣವೂ ನಿಕ್ಕಲ್ಲೇ. ಜಿಂಕ್ ಲೇಪದವು ಅಗ್ಗ. ಆದರೆ ಲೇಪ ಸವೆದ ಮೇಲೆ ಒಳಗಿನ ಕಬ್ಬಿಣ ಬೆವರಿಗೆ ತುಕ್ಕು ಹಿಡಿಯುತ್ತದೆ.

ನಿಮಗೆ ನನ್ನ ಸಲಹೆ ಅಲ್ಯೂಮಿನಿಯಮ್ ವಾಷರ್. 10 ಮಿ.ಮೀ. ಬೋಲ್ಟಿನ ವಾಷರ್ ಹೊರಸುತ್ತಿನಲ್ಲಿ 20 ಮಿ.ಮೀ. ಅಗಲವಿದ್ದು, ಉಕ್ಕಿನದಾದರೆ ಒಂದೊಂದೂ ಸುಮಾರು ಮೂರೂವರೆ ಗ್ರಾಂ ತೂಗುತ್ತದೆ. ಅಂಥ 30 ಸೇರಿದರೆ ಸರ 100 ಗ್ರಾಂ ದಾಟುತ್ತದೆ. ಅದೇ ಅಳತೆಯ ಅಲ್ಯೂಮಿನಿಯಮ್‌ನಲ್ಲಿ 40 ಗ್ರಾಂ ಒಳಗೇ ಮುಗಿಯುತ್ತದೆ.

ದಾರದ ಬದಲು ರಿಬ್ಬನ್ ಬಳಸಿ. ಒಂದರ ಅಂಚು ಮತ್ತೊಂದರ ಮೇಲೆ ಕೂರುವಂತೆ ವಾಷರ್‌ಗಳನ್ನು ಸಾಲಾಗಿ ಹೊಂದಿಸಿ, ಒಂದರ ತೂತಿನಿಂದ ಮೇಲೆ ಬಂದ ರಿಬ್ಬನ್ ಅಂಚನ್ನು ದಾಟಿ ಮುಂದಿನದರ ತೂತಿನಲ್ಲಿ ಇಳಿಯುವಂತೆ ಹೆಣೆಯುತ್ತ ಹೋಗಬೇಕು. ಹಿಂಬದಿಗೆ ಹತ್ತಿಯ ಪಟ್ಟಿ ಹೊಲಿದರೆ ಲೋಹ ಚರ್ಮಕ್ಕೆ ತಾಗುವುದೇ ಇಲ್ಲ. ಇದು ಹೊಸ ಉಪಾಯವೇನಲ್ಲ. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಕಲಿಸುತ್ತಿದ್ದ ನೇಯ್ಗೆ ಕಲಾವಿದೆ ಆನಿ ಆಲ್ಬರ್ಸ್, ಮೆಕ್ಸಿಕೋದ ಮೊಂಟೆ ಆಲ್ಬಾನ್ ಸಮಾಧಿಯ ಪ್ರಾಚೀನ ಒಡವೆಗಳನ್ನು ಕಂಡು ಬೆರಗಾಗಿ, 1940ರ ಸುಮಾರಿಗೆ ತಮ್ಮ ಕಾಲೇಜಿನ ವಿದ್ಯಾರ್ಥಿ ಅಲೆಕ್ಸಾಂಡರ್ ರೀಡ್ ಜೊತೆಗೂಡಿ ಅಲ್ಯೂಮಿನಿಯಮ್ ವಾಷರ್ ಮತ್ತು ಕೆಂಪು ರಿಬ್ಬನ್‌ನಿಂದ ಕಂಠಾಭರಣ ಮಾಡಿದ್ದರು. ಸಿಂಕಿನ ಜಾಲರಿ, ಪೇಪರ್ ಕ್ಲಿಪ್ಪುಗಳನ್ನೂ ಅವರು ಬಿಡಲಿಲ್ಲ! ಬೆಲೆ ಲೋಹದ್ದಲ್ಲ, ಜೋಡಣೆಯದು ಎಂಬ ಅವರ ನಿಲುವು ನನಗೆ ಪೂರ್ತಿ ಒಪ್ಪಿಗೆ.

ಪ್ರಶ್ನೆ: ಹಿತ್ತಾಳೆ ನಟ್‌ಗಳಿಂದ ಓಲೆ ಮಾಡಬಹುದೇ? – ಓದುಗರೊಬ್ಬರು, ಶಿರಸಿ

ಉತ್ತರ: ಮಾಡಬಹುದು, 4 ಮಿ.ಮೀ. ಅಳತೆಯ ಸಣ್ಣ ನಟ್‌ಗಳು ಸಾಕು. ಕಿವಿಯ ತೂತಿನೊಳಗೆ ಹೋಗುವ ಕೊಕ್ಕೆ ಮಾತ್ರ ಬೆಳ್ಳಿ ಅಥವಾ ಟೈಟೇನಿಯಂನದಿರಲಿ. ಅಲ್ಲಿ ಉಳಿತಾಯ ಬೇಡ.

ಪ್ರಶ್ನೆ: ಮನೆಯ ವೈರಿಂಗ್‌ನಲ್ಲಿ ಉಳಿದ ತಾಮ್ರದ ತಂತಿ ಬಳಸಬಹುದೇ? ಪ್ಲಾಸ್ಟಿಕ್ ಸುಟ್ಟು ತೆಗೆದರೆ ಸುಲಭ ಎನ್ನುತ್ತಾರೆ. – ಓದುಗರೊಬ್ಬರು, ಮುಂಬೈ

ಉತ್ತರ: ತಂತಿ ಬಳಸಿ, ಸುಡಬೇಡಿ. ಪಿವಿಸಿ ಹೊದಿಕೆ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಕಟು ಅನಿಲ ಹೊರಡುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿಯಿರಿ. ಹಲವು ಎಳೆಗಳ ತಂತಿಯಲ್ಲಿ ಒಂದೊಂದು ಎಳೆಯೂ ಇದಕ್ಕೆ ತೀರ ಸಣ್ಣ, ಒಂಟಿ ಎಳೆಯದೇ ಬೇಕು. ಕೊಂಡಿಗಳಿಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪ, ಹೇಳಿ ಮಾಡಿಸಿದ್ದು. ಬಳೆಗೆ ಅದಕ್ಕಿಂತ ದಪ್ಪನೆಯ 16 ಗೇಜ್ ಇರಲಿ. ತಾಮ್ರ ಬಗ್ಗಿಸಿದಷ್ಟೂ ಬಿರುಸಾಗುವುದರಿಂದ ಒಂದೇ ಜಾಗವನ್ನು ಮತ್ತೆ ಮತ್ತೆ ತಿದ್ದಿದರೆ ಮುರಿಯುತ್ತದೆ. ಬೆವರಿಗೆ ಚರ್ಮದ ಮೇಲೆ ಹಸಿರು ಕಲೆ ಬಿದ್ದರೆ ಗಾಬರಿ ಬೇಡ, ಸೋಪಿಗೆ ಹೋಗುತ್ತದೆ. ತಂತಿ ಕಪ್ಪಾದರೆ ಹುಣಸೆಹಣ್ಣು ಹಚ್ಚಿ ತೊಳೆದು, ಪೂರ್ತಿ ಒಣಗಿದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ. ಅದು ಸವೆಯುವಂಥದ್ದು, ಆಗಾಗ ಮತ್ತೆ ಬಳಿಯಬೇಕಾಗುತ್ತದೆ.